ಬ್ಯಾಟರಿಗೆ ಹತ್ತು ಅಂಗಡಿ, ಪೆಟ್ಟಿಗೆಗೆ ಒಂದೂ ಇಲ್ಲ!

ಉಮ್ಮತ್ತೂರು: ಬ್ಯಾಟರಿ ಕೊಳ್ಳಬೇಕೆಂದರೆ ನಮ್ಮ ಜನ ಚಾಮರಾಜನಗರದ ಹತ್ತು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಯಾವ ಕಂಪನಿ, ಎಷ್ಟು ಆಂಪಿಯರ್, ಗ್ಯಾರಂಟಿ ಎಷ್ಟು ತಿಂಗಳು, ಹಳೇದಕ್ಕೆ ಎಷ್ಟು ಮುರಿದುಕೊಳ್ತೀರಿ ಎಂದು ಅಂಗಡಿಯವನ ಬೆವರಿಳಿಸುತ್ತಾರೆ. ಅದನ್ನು ಇಡುವ ಪೆಟ್ಟಿಗೆಯ ಮಾತು ಬಂದಾಗ ಮಾತ್ರ "ಯಾವ್ದಾದ್ರೂ ಒಂದ್ ಕೊಡಪ್ಪ, ಮುಚ್ಚುದ್ರ ಸಾಕು" ಎಂದು ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಪೆಟ್ಟಿಗೆಗೂ ದುಡ್ಡು ಕೊಡಬೇಕೇ ಎನ್ನುವವರು ಹಳೇ ತಗಡು ಬಗ್ಗಿಸಿಯೋ, ಹಣ್ಣಿನ ಮರದ ಡಬ್ಬದಲ್ಲಿಟ್ಟೋ ಕೆಲಸ ಸಾಗಿಸುತ್ತಾರೆ.

ಇದರ ಫಲ ಏನೆಂದು ನೋಡಲು ದೂರ ಹೋಗಬೇಕಿಲ್ಲ. ಟ್ರಾಕ್ಟರಿನ ಪಕ್ಕದಲ್ಲಿ ಕೊಳೆತ ತಟ್ಟೆ, ಹೊಲದ ಸೋಲಾರ್ ಬೇಲಿಯ ಕೆಳಗೆ ತಳ ಉದುರಿದ ಕಬ್ಬಿಣದ ಡಬ್ಬ, ಅಂಗಡಿಯ ಗಲ್ಲಾದಡಿ ನೊರೆ ಕಟ್ಟಿದ ಸಿಮೆಂಟು ನೆಲ, ಇವೆಲ್ಲ ಒಂದೇ ಕಥೆ ಹೇಳುತ್ತವೆ. ಬ್ಯಾಟರಿ ತನ್ನ ಮನೆಯನ್ನು ತಾನೇ ತಿನ್ನುವ ಪ್ರಾಣಿ. ಆದ್ದರಿಂದ ಮನೆ ಕಟ್ಟುವಾಗಲೇ ಯೋಚನೆ ಮಾಡಬೇಕು.

ಈ ಯೋಚನೆಯನ್ನು ಚೆನ್ನಾಗಿ ಮಾಡಿದವರು ಮೋಟಾರು ದೋಣಿಯವರು. ದೋಣಿಗೆ ಆಗುವ ಪೆಟ್ಟಿಗೆ ಅಂಗಡಿಗೂ ಆಗುತ್ತದೆ, ಹೊಲಕ್ಕೂ ಆಗುತ್ತದೆ. ಅಂಗಡಿಗೆ ಆಗುವುದು ದೋಣಿಗೆ ಆಗುವುದಿಲ್ಲ. ಹಾಗಾಗಿ ಪಾಠವನ್ನು ಅವರಿಂದಲೇ ಕಲಿಯುವುದು ಲೇಸು.

ಒಣಭೂಮಿಗೆ ದೋಣಿಯ ಮಾತೇಕೆ?

ಕೃಷ್ಣಮೃಗ ಓಡಾಡುವ ಈ ಕುರುಚಲು ಸೀಮೆಗೂ ದೋಣಿಗೂ ಏನು ಸಂಬಂಧ ಎಂದು ಓದುಗರು ಹುಬ್ಬೇರಿಸಬಹುದು. ಸಂಬಂಧ ಹಳೆಯದು. ಉಮ್ಮತ್ತೂರಿನ ಪಾಳೆಯಗಾರರು ಕಾವೇರಿ ನಡುವಿನ ಶಿವನಸಮುದ್ರವನ್ನು ತಮ್ಮ ಕೋಟೆ ಮಾಡಿಕೊಂಡಿದ್ದರು. ಹೊಳೆಯೇ ಅವರ ಕಂದಕವಾಗಿತ್ತು. 1512ರ ಸುಮಾರಿಗೆ ವಿಜಯನಗರದ ಕೃಷ್ಣದೇವರಾಯ ಅದನ್ನೂ ಗೆದ್ದ ಎಂಬುದು ಚರಿತ್ರೆ.

ಚರಿತ್ರೆ ಬೇಡವೆಂದರೆ ಮೊನ್ನೆ ಮೊನ್ನೆಯ ಮಾತು ತೆಗೆದುಕೊಳ್ಳಿ. 2018ರ ಮತ್ತು 2019ರ ಆಗಸ್ಟಿನಲ್ಲಿ ಕೆ.ಆರ್.ಎಸ್. ಮತ್ತು ಕಬಿನಿ ಎರಡೂ ಕಡೆಯಿಂದ ನೀರು ಬಿಟ್ಟಾಗ ನಮ್ಮದೇ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ದಾಸನಪುರ, ಮುಳ್ಳೂರು ಕಡೆಯ ಜನಕ್ಕೆ ಅದರ ಅನುಭವ ಚೆನ್ನಾಗಿದೆ. ಅಂಥ ಹೊತ್ತಿನಲ್ಲಿ ಮುದುಕರನ್ನು, ಬಾಣಂತಿಯರನ್ನು ಆಚೆಗೆ ತರಲು ದೋಣಿಯೇ ಗತಿ. ಇನ್ನು ಕಬಿನಿ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಆನೆ ತೋರಿಸುವ ಮೋಟಾರು ದೋಣಿಗಳನ್ನು ನೋಡದವರು ಕಡಿಮೆ.

ಹರಿಗೋಲಿಗೆ ಬ್ಯಾಟರಿ ಬೇಡ, ತೋಳು ಗಟ್ಟಿ ಇದ್ದರೆ ಸಾಕು. ಚಿಕ್ಕ ಮೋಟಾರಾದರೆ ಹಗ್ಗ ಎಳೆದು ಚಾಲೂ ಮಾಡಬಹುದು. ದೊಡ್ಡ ಎಂಜಿನ್ನಿಗೆ ಕೀಲಿ ತಿರುಗಿಸಬೇಕು, ಕೀಲಿಗೆ ಬ್ಯಾಟರಿ ಬೇಕು. ನಡುಹೊಳೆಯಲ್ಲಿ ಕೀಲಿ ತಿರುಗಿಸಿದಾಗ 'ಟಕ್' ಎಂದು ಸುಮ್ಮನಾದರೆ ಇಳಿದು ತಳ್ಳುವುದಕ್ಕೆ ಅದು ಬಸ್ಸಲ್ಲ. ಆದ್ದರಿಂದಲೇ ದೋಣಿಯವರು ಬ್ಯಾಟರಿಗಿಂತ ಅದರ ಪೆಟ್ಟಿಗೆಗೆ ಹೆಚ್ಚು ಮರ್ಯಾದೆ ಕೊಡುವುದು.

ಒಳಗಿನ ಶತ್ರು, ಹೊರಗಿನ ಶತ್ರು

ನಾವು ಬಳಸುವ ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ. ಅಂದಿನಿಂದ ಇಂದಿನವರೆಗೆ ಅದರ ಹೊಟ್ಟೆಯೊಳಗಿನ ಸಂಗತಿ ಹೆಚ್ಚು ಬದಲಾಗಿಲ್ಲ. ಸೀಸದ ತಟ್ಟೆಗಳು, ಅವುಗಳ ನಡುವೆ ನೀರು ಬೆರೆಸಿದ ಗಂಧಕಾಮ್ಲ. ಒಂದೊಂದು ಮನೆಗೆ ಎರಡು ವೋಲ್ಟ್, ಆರು ಮನೆ ಸೇರಿ ಹನ್ನೆರಡು.

ಈ ಆಮ್ಲವೇ ಒಳಗಿನ ಶತ್ರು. ಚಾರ್ಜ್ ಆಗುವಾಗ ಬ್ಯಾಟರಿ ಕುದಿಯುವಂತೆ ಗುಳ್ಳೆ ಬಿಡುತ್ತದೆ. ಗುಳ್ಳೆಯ ಜತೆ ಆಮ್ಲದ ಸಣ್ಣ ಹನಿಗಳೂ ಹೊರಗೆ ಬಂದು ಸುತ್ತ ಕೂರುತ್ತವೆ. ನೀರಿನ ಪಾಲು ಬೇಗ ಆರುತ್ತದೆ, ಆಮ್ಲ ಹಾಗೇ ಉಳಿದು ಗಟ್ಟಿಯಾಗುತ್ತಾ ಹೋಗುತ್ತದೆ. ಕಬ್ಬಿಣ, ಸತು, ತಾಮ್ರ, ಸಿಮೆಂಟು, ಹತ್ತಿ ಬಟ್ಟೆ, ಯಾವುದನ್ನೂ ಅದು ಬಿಡುವುದಿಲ್ಲ. ಟರ್ಮಿನಲ್ ಮೇಲೆ ಹಸಿರು ನೀಲಿ ಬೂಷ್ಟು ಕಟ್ಟಿರುವುದನ್ನು ಎಲ್ಲರೂ ನೋಡಿದ್ದಾರೆ. ಅದು ಬೇರೇನಲ್ಲ, ರೈತರು ಬೋರ್ಡೋ ದ್ರಾವಣಕ್ಕೆ ಕಲಸುವ ಮೈಲುತುತ್ತವೇ. ತಾಮ್ರದ ವೈರನ್ನು ಆಮ್ಲ ತಿಂದು ಹಾಕಿದ ಲೆಕ್ಕ ಅದು.

ಹೊರಗಿನ ಶತ್ರು ನೀರು. ಕಬಿನಿಯಲ್ಲಾದರೆ ಬರೀ ತೇವ, ಮಲ್ಪೆ ಮಂಗಳೂರಿನ ಕಡೆಗಾದರೆ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಉಪ್ಪು ಬಿದ್ದ ಲೋಹ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂಬುದು ಅಂಗಡಿ ಮುಂದೆ ಉಪ್ಪಿನ ಮೂಟೆ ಇಡುವವರಿಗೆ ಹೇಳಿಕೊಡಬೇಕಿಲ್ಲ. ಸಾಲದ್ದಕ್ಕೆ ಉಪ್ಪುನೀರು ಬ್ಯಾಟರಿಯ ಒಳಕ್ಕೇ ಹೋದರೆ ಕ್ಲೋರಿನ್ ಎಂಬ ವಿಷಗಾಳಿ ಹುಟ್ಟುತ್ತದೆ. ಜಲಾಂತರ್ಗಾಮಿ ನೌಕೆಯವರಿಗೆ ಇದು ಹಳೇ ಭಯ.

ಒಳಗಿನಿಂದ ಆಮ್ಲ, ಹೊರಗಿನಿಂದ ನೀರು. ಈ ಎರಡನ್ನೂ ತಡೆಯುವುದೇ ಪೆಟ್ಟಿಗೆ ಎನ್ನಿಸಿಕೊಳ್ಳುತ್ತದೆ. ಉಳಿದದ್ದು ಬರೀ ಡಬ್ಬ.

ಯಾವ ಮಾಲು ಒಳ್ಳೆಯದು?

ಕಬ್ಬಿಣದ ತಗಡು ನೋಡಲು ಗಟ್ಟಿ, ಬೆಲೆಯೂ ಕೈಗೆಟುಕುತ್ತದೆ. ಬಣ್ಣ ಇರುವ ತನಕ ಚೆನ್ನ. ಬಣ್ಣ ಒಂದು ಕಡೆ ಸಿಡಿದರೆ ಆಮ್ಲಕ್ಕೆ ಬಾಗಿಲು ತೆಗೆದ ಹಾಗೆ. ತುಕ್ಕು ಬಣ್ಣದ ಕೆಳಗೇ ಹರಿದು ಹೋಗುವುದರಿಂದ ಕಣ್ಣಿಗೆ ಕಾಣುವಷ್ಟರಲ್ಲಿ ತಳ ಹೋಗಿರುತ್ತದೆ. "ಜಿ.ಐ. ತಗಡು ಕಣಣ್ಣ, ತುಕ್ಕು ಹಿಡಿಯಕಿಲ್ಲ" ಎಂದು ಮಾರುವವರಿದ್ದಾರೆ. ಮಳೆನೀರಿಗೆ ಆ ಮಾತು ನಿಜ. ಬ್ಯಾಟರಿ ಆಮ್ಲಕ್ಕೆ ಸುಳ್ಳು. ಜಿ.ಐ. ಎಂದರೆ ಮೇಲೆ ಸತುವಿನ ಲೇಪ. ಆಮ್ಲಕ್ಕೆ ಸತು ಕಬ್ಬಿಣಕ್ಕಿಂತ ಬೇಗ ಕರಗುತ್ತದೆ.

ಅಲ್ಯೂಮಿನಿಯಂ ಹಗುರ, ಆದರೆ ಆಮ್ಲಕ್ಕೂ ಆಗದು, ಉಪ್ಪಿಗೂ ಆಗದು. ಸ್ಟೀಲು ಎಂದೊಡನೆ ನಂಬುವವರೂ ಇದ್ದಾರೆ. ಅಡುಗೆ ಮನೆಯ ಸ್ಟೀಲಿಗೆ 304 ಎಂಬ ಜಾತಿ, ಅದಕ್ಕಿಂತ ಉಪ್ಪು ತಡೆಯುವುದು 316. ಇವು ಪಟ್ಟಿ, ಸ್ಕ್ರೂಗಳಿಗೆ ಸರಿ, ಪೆಟ್ಟಿಗೆಗೆ ಅಲ್ಲ. ಆಮ್ಲ ನಿಂತ ಕಡೆ 304ಕ್ಕೂ ಮಚ್ಚೆ ಬೀಳುತ್ತದೆ. ಅದಲ್ಲದೆ ಲೋಹದ ಪೆಟ್ಟಿಗೆ ಯಾವುದಾದರೂ ಸರಿ, ಅದರಲ್ಲಿ ಕರೆಂಟು ಹರಿಯುತ್ತದೆ. ಮುಚ್ಚಳ ಬಗ್ಗಿ ಎರಡು ಟರ್ಮಿನಲ್ಲಿಗೂ ತಗುಲಿದರೆ ಮುಗಿಯಿತು. ನೂರಾರು ಆಂಪಿಯರ್ ಒಂದೇ ಬಾರಿ ಹರಿದು ತಗಡು ಕೆಂಪಗೆ ಕಾಯುತ್ತದೆ.

ಹಾಗಾದರೆ ಯಾವುದು? ಪ್ಲಾಸ್ಟಿಕ್ಕೇ. ಅದರಲ್ಲೂ ಪಾಲಿಪ್ರೊಪಿಲಿನ್ ಅಥವಾ ದಪ್ಪ ಪಾಲಿಎಥಿಲಿನ್. ಇಂದಿನ ಬ್ಯಾಟರಿಗಳ ಮೈಯೇ ಪಾಲಿಪ್ರೊಪಿಲಿನ್‌ನಿಂದ ಮಾಡಿದ್ದು. ವರ್ಷಗಟ್ಟಲೆ ಆಮ್ಲವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಮಾಲು ಹೊರಗಿನ ಪೆಟ್ಟಿಗೆಗೆ ಆಗದೇ? ದೋಣಿಗಳನ್ನೇ ಕಟ್ಟುವ ಫೈಬರ್ ಗ್ಲಾಸ್ ಕೂಡ ಒಳ್ಳೆಯದು, ಬೆಲೆ ಸ್ವಲ್ಪ ಜಾಸ್ತಿ.

ಪ್ಲಾಸ್ಟಿಕ್ಕಿಗೂ ಒಬ್ಬ ಶತ್ರು ಇದ್ದಾನೆ, ಸೂರ್ಯ. ಬಿಸಿಲಿಗೆ ಬಿಟ್ಟ ಬಿಳೀ ಬಕೆಟ್ಟು ಕೆಲವು ಬೇಸಿಗೆಯಲ್ಲಿ ಹಪ್ಪಳದಂತೆ ಮುರಿಯುವುದನ್ನು ನೋಡಿದ್ದೀರಿ. ಮಾಲಿನಲ್ಲಿ ಕಾಡಿಗೆಯಂಥ ಇಂಗಾಲ ಬೆರೆಸಿದರೆ ಬಿಸಿಲಿನ ಪೆಟ್ಟು ತಡೆಯುತ್ತದೆ. ದೋಣಿಯ ಪೆಟ್ಟಿಗೆಗಳು ಸಾಮಾನ್ಯವಾಗಿ ಕರೀ ಬಣ್ಣದಲ್ಲಿರುವುದಕ್ಕೆ ಇದೂ ಒಂದು ಕಾರಣ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಪೆಟ್ಟಿಗೆಯ ಗೋಡೆಯನ್ನು ಎರಡು ಹೆಬ್ಬೆರಳಿನಿಂದ ಒತ್ತಿ. ಬಾಗಿ ಮತ್ತೆ ನೆಟ್ಟಗಾದರೆ ಮಾಲು ಜೀವಂತ. ಕರಕರ ಸದ್ದು ಬಂದು ಬಿಳೀ ಗೆರೆ ಮೂಡಿದರೆ ಅಲ್ಲೇ ಬಿಟ್ಟು ಬನ್ನಿ. ಜತೆಗೆ ಕೊಡುವ ಸ್ಕ್ರೂಗಳಿಗೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಬಹುಮಟ್ಟಿಗೆ ಮೆರುಗು ಹಾಕಿದ ಕಬ್ಬಿಣ. ಆದರೆ ಅಯಸ್ಕಾಂತ 304ನ್ನೂ 316ನ್ನೂ ಬೇರ್ಪಡಿಸುವುದಿಲ್ಲ, ಅದಕ್ಕೆ ತಲೆಯ ಮೇಲಿನ ಗುರುತು ಓದಬೇಕು.

ಕಟ್ಟದ ಬ್ಯಾಟರಿ ಕಟ್ಟದ ಹೋರಿ

ದೋಣಿ ಅಲೆಗೆ ಏರಿ ಬೀಳುವಾಗ ಇಪ್ಪತ್ತು ಇಪ್ಪತ್ತೈದು ಕಿಲೋ ತೂಗುವ ಬ್ಯಾಟರಿ ಸುಮ್ಮನೆ ಕೂರುವುದಿಲ್ಲ. ಜಾರುತ್ತದೆ, ವೈರು ಕಿತ್ತುಕೊಳ್ಳುತ್ತದೆ, ಮಗುಚಿದರೆ ಆಮ್ಲ ಚೆಲ್ಲುತ್ತದೆ. ಅಮೆರಿಕದ ಕರಾವಳಿ ಕಾವಲು ಪಡೆ ಒಳಗೆ ಪೆಟ್ರೋಲ್ ಎಂಜಿನ್ ಕೂತಿರುವ ದೋಣಿಗಳಿಗೆ ಇದಕ್ಕೆಂದೇ ಒಂದು ನಿಯಮ ಮಾಡಿದೆ. ಬ್ಯಾಟರಿಯನ್ನು 90 ಪೌಂಡ್, ಅಂದರೆ ಸುಮಾರು 41 ಕಿಲೋ ಬಲದಿಂದ ಅಥವಾ ಅದರ ತೂಕದ ಎರಡರಷ್ಟು ಬಲದಿಂದ, ಯಾವುದು ಕಡಿಮೆಯೋ ಅಷ್ಟರಿಂದ, ಹಿಂದಕ್ಕೆ ಮುಂದಕ್ಕೆ, ಅಡ್ಡಕ್ಕೆ, ಮೇಲಕ್ಕೆ ಒಂದೊಂದು ನಿಮಿಷ ಎಳೆಯಬೇಕು. ಯಾವ ಕಡೆಗೂ ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದು.

ಈ ಪರೀಕ್ಷೆಗೆ ಯಂತ್ರವೇನೂ ಬೇಡ. ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿ ಸಾಕು. ಕೊಕ್ಕೆಯನ್ನು ಪಟ್ಟಿಗೆ ಸಿಕ್ಕಿಸಿ, ಮುಳ್ಳು 41ಕ್ಕೆ ಬರುವ ತನಕ ಎಳೆದು ಹಿಡಿಯುವುದು. 25 ಕಿಲೋದ ಒಂದೂವರೆ ಮೂಟೆ ಅಕ್ಕಿಗಿಂತ ತುಸು ಹೆಚ್ಚು. ಟ್ರಾಕ್ಟರಿಗೂ ಇದೇ ಅಳತೆ ಇಟ್ಟರೆ ಹಳ್ಳ ಕೊಳ್ಳಗಳಲ್ಲಿ ಬ್ಯಾಟರಿ ಒಡೆಯುವುದು ತಪ್ಪುತ್ತದೆ.

ಕಟ್ಟಲು ನೈಲಾನ್ ಅಥವಾ ಅಂಥದ್ದೇ ಅಗಲ ಪಟ್ಟಿ, ತುಕ್ಕು ಹಿಡಿಯದ ಬಕಲ್ ಇರಬೇಕು. ಪಟ್ಟಿಯ ಕಾಲುಗಳನ್ನು ನೆಲಕ್ಕೆ ಸ್ಟೀಲ್ ಸ್ಕ್ರೂವಿನಿಂದ, ಅಗಲ ವಾಷರು ಹಾಕಿ ಬಿಗಿಯಬೇಕು. ಸೈಕಲ್ ಟ್ಯೂಬು ಕಟ್ಟುವುದು ನಮ್ಮ ಕಡೆಯ ಜಾಣತನ. ಅದು ಹಿಗ್ಗುತ್ತದೆ, ಬಿಸಿಲಿಗೆ ಹರಿಯುತ್ತದೆ.

ಗಾಳಿಗೆ ದಾರಿ, ಆಮ್ಲಕ್ಕೆ ತಡೆ

ನೀರು ಒಳಗೆ ಬರಬಾರದೆಂದು ಪೆಟ್ಟಿಗೆಯನ್ನು ಟೇಪು ಸುತ್ತಿ ಪೂರ್ತಿ ಮುಚ್ಚುವವರು ದೊಡ್ಡ ಅಪಾಯಕ್ಕೆ ಕೈಹಾಕುತ್ತಾರೆ. ಚಾರ್ಜ್ ಆಗುವಾಗ ಬರುವ ಗುಳ್ಳೆಯಲ್ಲಿ ಜಲಜನಕವಿದೆ. ನೂರು ಪಾಲು ಗಾಳಿಯಲ್ಲಿ ನಾಲ್ಕು ಪಾಲು ಅದು ಸೇರಿದರೆ ಒಂದು ಕಿಡಿ ಸಾಕು, ಪೆಟ್ಟಿಗೆ ಬಾಂಬು. "ಇದು ಸೀಲ್ಡ್ ಬ್ಯಾಟರಿ" ಎಂದು ನೆಮ್ಮದಿಯಾಗಿರಲೂ ಆಗದು. ಚಾರ್ಜ್ ಮಿತಿ ಮೀರಿದರೆ ಅದರ ಕವಾಟವೂ ತೆರೆದು ಗಾಳಿ ಬಿಡುತ್ತದೆ.

ಜಲಜನಕ ಎಲ್ಲಕ್ಕಿಂತ ಹಗುರ, ಮೇಲಕ್ಕೇ ಹೋಗುತ್ತದೆ. ಆದ್ದರಿಂದ ಗಾಳಿಯ ಕಿಂಡಿ ಮುಚ್ಚಳದ ಹತ್ತಿರ, ಮೇಲ್ಭಾಗದಲ್ಲಿರಬೇಕು. ಮೇಲಿನಿಂದ ಬೀಳುವ ನೀರು ನೇರ ಒಳಗೆ ಬೀಳದಂತೆ ಕಿಂಡಿಯ ಬಾಯಿ ಕೆಳಮುಖವಾಗಿರಬೇಕು. ತಳದಲ್ಲಿ ಮಾತ್ರ ತೂತು ಕೂಡದು. ಚೆಲ್ಲಿದ ಆಮ್ಲ ಪೆಟ್ಟಿಗೆಯೊಳಗೇ ನಿಲ್ಲಬೇಕು, ದೋಣಿಯ ಹೊಟ್ಟೆಗೆ ಇಳಿಯಬಾರದು.

ಅದೇ ಅಮೆರಿಕದ ನಿಯಮ ಇನ್ನೂ ಎರಡು ಮಾತು ಹೇಳುತ್ತದೆ. ಬ್ಯಾಟರಿಯನ್ನು ಪೆಟ್ರೋಲ್ ಟ್ಯಾಂಕಿನ ನೇರ ಮೇಲೂ ಇಡಬಾರದು, ನೇರ ಕೆಳಗೂ ಇಡಬಾರದು. ಸ್ಪ್ರಿಂಗ್ ಬಿಗಿಯನ್ನೇ ನಂಬಿದ ಚಿಮುಟದಂಥ ಕ್ಲಿಪ್ಪು ಟರ್ಮಿನಲ್ಲಿಗೆ ಹಾಕಬಾರದು, ಬೋಲ್ಟು ಬಿಗಿಯಬೇಕು. ಎರಡೂ ನಮ್ಮ ಟ್ರಾಕ್ಟರು, ಜನರೇಟರಿನವರು ಗೋಡೆಗೆ ಬರೆದು ಹಾಕಿಕೊಳ್ಳುವಂಥ ಮಾತುಗಳೇ.

ಅಳತೆ ತಪ್ಪಿದರೆ ಎಲ್ಲಾ ತಪ್ಪು

ಪೆಟ್ಟಿಗೆ ಕೊಳ್ಳಲು ಹೋಗುವ ಮುನ್ನ ಬ್ಯಾಟರಿಯ ಉದ್ದ, ಅಗಲ ಅಳೆಯಿರಿ. ಎತ್ತರವನ್ನು ಟರ್ಮಿನಲ್ ತುದಿಯವರೆಗೆ ಅಳೆಯಬೇಕು, ಮೈಯವರೆಗಲ್ಲ. ಸುತ್ತ ಬೆರಳಾಡುವಷ್ಟು ಜಾಗ, ತಲೆಯ ಮೇಲೆ ವೈರು ಬಾಗುವಷ್ಟು ಜಾಗ ಬಿಡಿ. ಜಾಗ ಹೆಚ್ಚಾದರೆ ಪಕ್ಕಕ್ಕೆ ಪ್ಲಾಸ್ಟಿಕ್ ತುಂಡು ಕೊಟ್ಟು ಬಿಗಿ ಮಾಡಿ. ವೈರು ಹೊರಬರುವ ತೂತಿಗೆ ರಬ್ಬರ್ ಉಂಗುರ ಇರಲಿ. ಇಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ವೈರಿನ ಮೈ ಸವೆದು ಒಂದು ದಿನ ಶಾರ್ಟ್ ಆಗುತ್ತದೆ.

ಗಲ್ಲಾದಡಿಯ ಗಂಡಾಂತರ

ಈಗ ದೋಣಿಯಿಂದ ಇಳಿದು ಅಂಗಡಿಗೆ ಬರೋಣ. ಕರೆಂಟು ಹೋದಾಗ ದೀಪ, ಫ್ಯಾನು ನಡೆಸಲು ಇನ್ವರ್ಟರು ಇಟ್ಟ ಅಂಗಡಿ ಈಗ ಎಲ್ಲೆಲ್ಲೂ ಇದೆ. 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ಐವತ್ತು ಕಿಲೋಗೂ ಮೇಲೆ ತೂಗುತ್ತದೆ. ಜಾಗ ಸಾಲದೆ ಅದನ್ನು ಗಲ್ಲಾದಡಿಗೋ ದೇವರ ಪಟದ ಕೆಳಗೋ ತಳ್ಳುತ್ತಾರೆ. ಬೆಳಿಗ್ಗೆ ಸಂಜೆ ಅದೇ ಪಟಕ್ಕೆ ಊದುಬತ್ತಿ, ದೀಪ, ಕರ್ಪೂರ. ಕೆಳಗಿನಿಂದ ಮೇಲೇರುವ ಜಲಜನಕ, ಮೇಲೆ ಉರಿಯುವ ಬೆಂಕಿ. ದೇವರ ದಯೆಯಿಂದ ಸಾಮಾನ್ಯವಾಗಿ ಗಾಳಿಯಾಡುತ್ತದೆ, ಏನೂ ಆಗುವುದಿಲ್ಲ. ಬಾಗಿಲೆಳೆದ ಅಂಗಡಿಯಲ್ಲಿ ರಾತ್ರಿಯೆಲ್ಲಾ ಚಾರ್ಜ್ ಆಗಿ, ಬೆಳಿಗ್ಗೆ ಬಾಗಿಲು ತೆಗೆದೊಡನೆ ಕಡ್ಡಿ ಗೀರುವುದು ಮಾತ್ರ ದೇವರನ್ನು ಪರೀಕ್ಷಿಸಿದಂತೆ. ಬ್ಯಾಟರಿಯ ಜಾಗ ಬದಲಿಸಿ. ಅದು ಆಗದಿದ್ದರೆ ಮೊದಲು ಕಿಟಕಿ ತೆರೆದು, ಆಮೇಲೆ ದೀಪ ಹಚ್ಚಿ.

ಬ್ಯಾಟರಿಯನ್ನು ಸಿಮೆಂಟು ನೆಲದ ಮೇಲಿಟ್ಟರೆ ಚಾರ್ಜ್ ಇಳಿದುಹೋಗುತ್ತದೆ ಎಂಬ ಮಾತೊಂದಿದೆ. ಗಟ್ಟಿ ರಬ್ಬರಿನ ಮೈ ಇದ್ದ ಹಳೇ ಕಾಲದ ಮಾತು ಅದು. ಇಂದಿನ ಪ್ಲಾಸ್ಟಿಕ್ ಮೈಗೆ ಅನ್ವಯಿಸುವುದಿಲ್ಲ. ಆದರೆ ಚೆಲ್ಲಿದ ಆಮ್ಲ ನೆಲವನ್ನು ತಿನ್ನುವುದಂತೂ ನಿಜ. ಅದಕ್ಕಾಗಿ ಅಡಿಯಲ್ಲಿ ಪ್ಲಾಸ್ಟಿಕ್ ತಟ್ಟೆ ಇರಬೇಕು. ಮುಚ್ಚಳವಂತೂ ಇರಲೇಬೇಕು. ಗಲ್ಲಾದಿಂದ ಜಾರಿದ ತೂಕದ ಬಟ್ಟು, ಕೀಲಿಗೊಂಚಲು ಟರ್ಮಿನಲ್ ಮೇಲೆ ಬಿದ್ದರೆ ಕಿಡಿ ತಪ್ಪಿದ್ದಲ್ಲ. ಮನೆಯ ಮಕ್ಕಳು ಅಂಗಡಿಯಲ್ಲೇ ಆಡುತ್ತಿರುತ್ತಾರೆ ಎಂಬುದನ್ನೂ ಮರೆಯಬಾರದು.

ಹೊಲದ ಪೆಟ್ಟಿಗೆ

ಗುಂಡ್ಲುಪೇಟೆ ಕಡೆ ಕಾಡಂಚಿನಲ್ಲಿ ಸೋಲಾರ್ ಬೇಲಿಯ ಬ್ಯಾಟರಿ ಎಂದರೆ ಅರ್ಧ ಬೆಳೆ. ಬ್ಯಾಟರಿ ಸತ್ತ ರಾತ್ರಿ ಆನೆಗೂ ಹಂದಿಗೂ ಬಾಗಿಲು ತೆರೆದಂತೆ. ಕಳ್ಳರ ಭಯಕ್ಕೆ ರೈತರು ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕುತ್ತಾರೆ. ಅದು ತಪ್ಪಲ್ಲ, ಆದರೆ ಕಳ್ಳನಿಗೆ ಬೇಕಾದ ಪೆಟ್ಟಿಗೆಯೇ ಬೇರೆ, ಆಮ್ಲಕ್ಕೆ ಬೇಕಾದ ಪೆಟ್ಟಿಗೆಯೇ ಬೇರೆ. ಒಳಗೊಂದು ಪ್ಲಾಸ್ಟಿಕ್ ಪೆಟ್ಟಿಗೆ, ಹೊರಗೆ ಬೀಗದ ಕಬ್ಬಿಣದ ಗೂಡು, ಎರಡರ ನಡುವೆ ಗಾಳಿ. ಹೀಗೆ ಮಾಡಿದರೆ ಎರಡೂ ಬಾಳುತ್ತವೆ. ನೆಲದಿಂದ ಒಂದಡಿ ಮೇಲೆ ಕಲ್ಲಿನ ಮೇಲಿಟ್ಟರೆ ಮಳೆನೀರೂ ತಾಕುವುದಿಲ್ಲ. ಕಿಂಡಿಗೆ ಸಣ್ಣ ಜಾಲರಿ ಕಟ್ಟಿದರೆ ಇರುವೆ, ಹಲ್ಲಿ ಒಳಗೆ ಹೋಗುವುದಿಲ್ಲ.

ಈಗ ಲಿಥಿಯಂ ಬ್ಯಾಟರಿಗಳೂ ಬಂದಿವೆ. ಅವುಗಳಲ್ಲಿ ಗಂಧಕಾಮ್ಲವಿಲ್ಲ, ಎಂದಿನ ಚಾರ್ಜಿನಲ್ಲಿ ಜಲಜನಕವೂ ಬರುವುದಿಲ್ಲ. ಹಾಗೆಂದು ಪೆಟ್ಟಿಗೆ ಬೇಡವೆಂದಲ್ಲ. ಏಟು ತಿಂದರೆ, ನೀರು ಹೊಕ್ಕರೆ, ಶಾರ್ಟ್ ಆದರೆ ಅವೂ ಬೆಂಕಿಗೆ ದೂರವಲ್ಲ. ಕಟ್ಟುವುದು, ಮುಚ್ಚುವುದು, ನೀರಿನಿಂದ ಎತ್ತಿಡುವುದು ಇವಕ್ಕೂ ತಪ್ಪಿದ್ದಲ್ಲ.

ಆರೈಕೆ ಸುಲಭ

ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ. ಬೂಷ್ಟು ಕಂಡರೆ ನೀರಿಗೆ ಅಡುಗೆ ಸೋಡಾ ಕಲಸಿ ಬ್ರಷ್ಷಿನಿಂದ ತೊಳೆಯಿರಿ. ಆ ನೀರು ಬ್ಯಾಟರಿಯೊಳಗೆ ಮಾತ್ರ ಹೋಗಬಾರದು. ಒರೆಸಿದ ಮೇಲೆ ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿ. ವೈರು ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇದನ್ನು ಪಾಲಿಸಿದರೆ ಗಾಡಿಯ ಮೈಗೆ ಸ್ಪ್ಯಾನರ್ ತಗುಲಿದರೂ ಕಿಡಿ ಹಾರುವುದಿಲ್ಲ. ಕಣ್ಣಿಗೆ ಕನ್ನಡಕ ಇರಲಿ. ಆಮ್ಲ ಸಿಡಿದರೆ ಉಜ್ಜದೆ, ಧಾರಾಳ ನೀರಿನಲ್ಲಿ ತುಂಬಾ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು.

"ಏನಣ್ಣಾ, ಪೆಟ್ಗೆಗೂ ಇಷ್ಟ್ ದುಡ್ಡಾ?" ಎನ್ನುವ ಮಾತು ಇನ್ನು ಮುಂದೆ ಬಾಯಿಗೆ ಬಂದಾಗ ಬ್ಯಾಟರಿಗೆ ಕೊಟ್ಟ ದುಡ್ಡನ್ನು ಒಮ್ಮೆ ನೆನೆಯಬೇಕು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ನಾಲ್ಕೇ: ಮಾಲು ಯಾವುದು, ಕಟ್ಟುವ ಪಟ್ಟಿ ಎಲ್ಲಿ, ಗಾಳಿಯ ಕಿಂಡಿ ಎಲ್ಲಿ, ಟರ್ಮಿನಲ್ ಮುಚ್ಚುತ್ತದೆಯೇ. ನಾಲ್ಕಕ್ಕೂ ಉತ್ತರ ಸಿಕ್ಕರೆ ಕೊಳ್ಳಬಹುದು.

ಹೊಳೆದಂಡೆಯ ಊರುಗಳಿಗೆ ದೋಣಿ ಕೊಳ್ಳುವವರಂತೂ ಈ ನಾಲ್ಕನ್ನೂ ಆರ್ಡರಿನ ಕಾಗದದಲ್ಲೇ ಬರೆಯಬೇಕು. ದೋಣಿ ಬಂದ ದಿನ ಹಾರ ಹಾಕಿ, ಫೋಟೋ ತೆಗೆಸಿ ಮೂಲೆಗೆ ಕಟ್ಟಿದರೆ ಸಾಲದು. ಬೇಸಿಗೆಯೆಲ್ಲಾ ನಿಂತ ಬ್ಯಾಟರಿ ತನ್ನಷ್ಟಕ್ಕೆ ಚಾರ್ಜ್ ಕಳೆದುಕೊಳ್ಳುತ್ತದೆ, ಬೂಷ್ಟು ಬೆಳೆಯುತ್ತದೆ. ಮುಂಗಾರು ಬರುವ ಮುನ್ನ ಪೆಟ್ಟಿಗೆ ತೆರೆದು, ತೊಳೆದು, ಚಾರ್ಜ್ ಮಾಡಿ, ತಕ್ಕಡಿ ಹಿಡಿದು ಎಳೆದು ನೋಡುವ ಕೆಲಸಕ್ಕೆ ಅರ್ಧ ದಿನ ಸಾಕು. ಕೆ.ಆರ್.ಎಸ್. ಬಾಗಿಲು ತೆರೆದ ಮೇಲೆ ಆ ಅರ್ಧ ದಿನ ಯಾರಿಗೂ ಸಿಗುವುದಿಲ್ಲ.